ಬಂಡೆಯ ಕೆಳಗಿನ ಮಡು

ಉಸಾಮಿ ದೋಣಿಯಿಂದ ಇಳಿಯಲಿಲ್ಲ. ಗಾಳದ ಕೋಲನ್ನು ಮೊಣಕಾಲುಗಳ ನಡುವೆ ನೆಟ್ಟಗೆ ಹಿಡಿದುಕೊಂಡು, ಮರಳುದಿಣ್ಣೆಯ ಮುಂದೆ ಹರಿಯುತ್ತಿದ್ದ ತೆಳುನೀರನ್ನು ಒಮ್ಮೆ ನೋಡಿ ತಲೆಯಾಡಿಸಿದರು. ಆಮೇಲೆ ಕೈಯೆತ್ತಿ, ಈಗಷ್ಟೇ ದಾಟಿ ಬಂದ ಕಡೆಗೆ, ಕಪ್ಪುಬಂಡೆಯ ಕೆಳಗಿನ ಮಡುವಿನ ಕಡೆಗೆ ತೋರಿಸಿದರು.

"ಅಲ್ಲಿ," ಎಂದರು. ಆರು ದಿನಗಳಲ್ಲಿ ಆ ಜಪಾನಿ ಅತಿಥಿ ಕಲಿತಿದ್ದ ಏಳೆಂಟು ಮಂಗೋಲ್ ಮಾತುಗಳಲ್ಲಿ ಅದೂ ಒಂದು.

"ಅಲ್ಲಿ ಕಲ್ಲು," ಎಂದ ಅಂಬಿಗ ಗೊಂಚಿಗ್. ಹುಟ್ಟುಗಳನ್ನು ತೊಡೆಯ ಮೇಲಿಟ್ಟು, ಎರಡೂ ಮುಷ್ಟಿಗಳನ್ನು ಒಂದಕ್ಕೊಂದು ಗುದ್ದಿ ತೋರಿಸಿದ. "ರಬ್ಬರ್ ದೋಣಿ, ಹರಿದುಹೋಗುತ್ತೆ."

"ಕಲ್ಲು ಇಲ್ಲ. ನೀರು." ಉಸಾಮಿ ತೋಳುಗಳನ್ನು ಆದಷ್ಟು ಅಗಲಕ್ಕೆ ಚಾಚಿದರು. ಬಲಗೈ ಭುಜದ ಎತ್ತರಕ್ಕೆ ಏಳಲಿಲ್ಲ. "ಮೀನು."

ಸ್ವಲ್ಪ ಹೊತ್ತಿನ ಮುಂಚೆ ಆ ಮಡುವನ್ನು ದಾಟುವಾಗ ಸಾಲಾಗಿ ಈಜುತ್ತಿದ್ದ ಬಾತುಗಳಲ್ಲಿ ಕೊನೆಯದು ಸದ್ದಿಲ್ಲದೆ ನೀರಿನೊಳಕ್ಕೆ ಹೋಗಿತ್ತು. ಅದಿದ್ದ ಜಾಗದಲ್ಲಿ ಚಾಪೆಯಷ್ಟು ಅಗಲದ ಸುಳಿ ಎದ್ದು ಮುಚ್ಚಿಕೊಂಡಿತ್ತು. ಇಬ್ಬರೂ ನೋಡಿದ್ದರು. ಗೊಂಚಿಗ್ ಮಾತ್ರ ಲಾರ್ಚ್ ಮರಗಳ ಹಳದಿಯನ್ನು ನೋಡುತ್ತಿದ್ದವನಂತೆ ಕುತ್ತಿಗೆ ತಿರುಗಿಸಿ ಹುಟ್ಟು ಬೀಸಿದ್ದ.

ಅವನ ಹೆಂಡತಿ ತೀರಿಕೊಂಡು ಅಂದಿಗೆ ನಲವತ್ತೇಳನೆಯ ದಿನ. ನಲವತ್ತೊಂಬತ್ತು ಮುಗಿಯುವವರೆಗೆ ಮನೆಯವರು ಯಾವ ಜೀವವನ್ನೂ ನೋಯಿಸಬಾರದು. ಹೋದವರು ಅಷ್ಟು ದಿನ ಇನ್ನೂ ದಾರಿಯಲ್ಲಿರುತ್ತಾರೆ. ಇಲ್ಲಿ ಮಾಡಿದ ನೋವೆಲ್ಲ ಅಲ್ಲಿ ಅವರ ಕಾಲಿಗೆ ತೊಡರುತ್ತದೆ. ಈ ಅತಿಥಿಯನ್ನು ಏಳು ದಿನ ಹೊಳೆಯಲ್ಲಿ ಕರೆದೊಯ್ಯುವೆನೆಂದು ಗೊಂಚಿಗ್ ಶಿಬಿರದ ಯಜಮಾನನಿಗೆ ಮಾತು ಕೊಟ್ಟದ್ದು ವಸಂತದಲ್ಲಿ. ಆಗ ಅವಳು ಇದ್ದಳು. ಹೊರಗೆ ಕೂತು ಮೇಕೆಯ ಉಣ್ಣೆ ಬಾಚುತ್ತಿದ್ದಳು. ಮಾತು ತಪ್ಪುವುದು ಅವನಿಗೆ ಗೊತ್ತಿರಲಿಲ್ಲ. ಬಂದ. ಆದರೆ ತುಲ್ ಇಲ್ಲದ ನೀರಿಗೇ ಆರು ದಿನ ದೋಣಿ ನಡೆಸಿದ.

ತುಲ್ ಎಂದರೆ ಆ ಹೊಳೆಯ ದೊಡ್ಡ ಬೇಟೆಮೀನು. ಅದು ಹೊಳೆಯ ಒಡೆಯನ ಮಗಳು ಎಂದು ಅವನ ಹೆಂಡತಿ ನಂಬಿದ್ದಳು. ಹಿಡಿದದ್ದನ್ನು ಮತ್ತೆ ಬಿಟ್ಟುಬಿಡುತ್ತಾರೆಂದು ಅವನು ಎಷ್ಟು ಹೇಳಿದರೂ, "ಬಾಯಿ ಹರಿದು ಬಿಟ್ಟರೆ ಬಿಟ್ಟ ಹಾಗೇನು?" ಎನ್ನುತ್ತಿದ್ದಳು. ಪ್ರತಿ ಶರತ್ಕಾಲ ಅವನು ಮನೆಗೆ ಬಂದು ಬೂಟು ಕಳಚುವ ಮೊದಲೇ, "ಎಷ್ಟು?" ಎಂದು ಕೇಳುವಳು. ಅವನು ಹೇಳಿದ ಸಂಖ್ಯೆಯಷ್ಟು ಸುತ್ತು ಜಪಮಾಲೆ ತಿರುಗಿಸುವಳು. ಈಚಿನ ವರ್ಷಗಳಲ್ಲಿ ಅವಳ ಬೆರಳ ಗಂಟುಗಳು ಊದಿಕೊಂಡಿದ್ದವು. ಅವನು ಒಂದೆರಡು ಕಡಿಮೆ ಮಾಡಿ ಹೇಳುತ್ತಿದ್ದ. ಆ ಉಳಿದ ಸುತ್ತುಗಳು ಈಗ ಯಾರ ತಲೆಗೆ ಬಂದವು ಎಂಬ ಯೋಚನೆ ಹುಟ್ಟು ಹಾಕುವಾಗಲೆಲ್ಲ ಬರುತ್ತಿತ್ತು. ಬಂದರೆ ಹೋಗುತ್ತಿರಲಿಲ್ಲ.

ಉಸಾಮಿ ಇಳಿಯಲೇ ಇಲ್ಲ. ಗೊಂಚಿಗ್ ದೋಣಿಯನ್ನು ಶಿಬಿರದ ಕಡೆಗೆ ತಿರುಗಿಸಿದ.

ಅಡುಗೆಯ ಗುಡಾರದಲ್ಲಿ ಸೆವ್‌ಜಿದ್ ಹಿಟ್ಟು ಲಟ್ಟಿಸುತ್ತಿದ್ದಳು. ಅವಳು ತೀರಿಹೋದವಳ ತಂಗಿ. ಜಪಾನಿನಲ್ಲಿ ಬಟ್ಟೆ ಒಗೆಯುವ ಕಾರ್ಖಾನೆಯೊಂದರಲ್ಲಿ ಹತ್ತು ವರ್ಷ ದುಡಿದು ಬಂದಿದ್ದಳಾದ್ದರಿಂದ ಶಿಬಿರದ ಅಡುಗೆಯೂ ಅವಳದೇ, ಮಾತು ದಾಟಿಸುವ ಕೆಲಸವೂ ಅವಳದೇ. ಉಸಾಮಿ ಒಲೆಯ ಪಕ್ಕದ ಪೀಠದಲ್ಲಿ ಕುಳಿತು, ದನಿ ಏರಿಸದೆ, ಬಹಳ ಹೊತ್ತು ಮಾತಾಡಿದರು. ಸೆವ್‌ಜಿದ್ ಲಟ್ಟಣಿಗೆ ನಿಲ್ಲಿಸಿದಳು.

"ಏನಂತೆ?" ಎಂದ ಗೊಂಚಿಗ್.

"ನಿಮ್ಮನ್ನ ಹೊಗಳ್ತಿದಾರೆ ಭಾವ. ಮೀನಿಲ್ಲದ ಜಾಗ ಇಷ್ಟು ಚೆನ್ನಾಗಿ ಗೊತ್ತಿರೋ ಅಂಬಿಗನ್ನ ಎಲ್ಲೂ ನೋಡಿಲ್ವಂತೆ."

"ನಿನ್ನ ಕುಹಕ ಸೇರಿಸಬೇಡ."

"ನಂದೇನಿಲ್ಲ. ಉಪ್ಪೂ ಹಾಕಿಲ್ಲ, ಖಾರಾನೂ ಹಾಕಿಲ್ಲ. ಅವರು ಬಡಿಸಿದ್ದನ್ನ ಹಾಗೇ ಇಟ್ಟಿದೀನಿ."

ಉಸಾಮಿ ಮತ್ತೆ ಮಾತಾಡಿದರು. ಸೆವ್‌ಜಿದ್ ಈಗ ಹಿಟ್ಟಿನ ಕೈಯನ್ನು ಒರೆಸಿಕೊಂಡು, ಅವರ ಮುಖ ನೋಡುತ್ತ, ತುಂಡು ತುಂಡಾಗಿ ಹೇಳಿದಳು. "ನಲವತ್ತು ವರ್ಷ ಬಸ್ಸು ಓಡಿಸಿದ್ರಂತೆ. ವರ್ಷಕ್ಕೆ ಹತ್ತು ದಿನ ರಜೆ. ಆ ರಜೇಲಿ ಅಮೆಜಾನು, ಕಾಂಗೋ, ಬೋರ್ನಿಯೋ, ಎಲ್ಲಾ ಕಡೆ ಹೋಗಿದಾರೆ. ಕಂಡೂ ಕೇಳರಿಯದ ಮೀನುಗಳನ್ನ ಹಿಡಿದು ಬಿಟ್ಟಿದಾರೆ. ಮೀನಿನ ಹೆಸರು ಗೊತ್ತಿಲ್ಲದೆ ಹೋದ್ರೂ ಅದೆಲ್ಲಿ ಮಲಗುತ್ತೆ ಅಂತ ನೀರೇ ಹೇಳುತ್ತಂತೆ. ನಿಮ್ಮ ನೀರು ಬಾಯಿಬಿಟ್ಟು ಹೇಳ್ತಿದೆ, ನೀವು ಮಾತ್ರ ಕೈ ಅಡ್ಡ ಹಿಡೀತಿದೀರಿ ಅಂತಾರೆ. ಯಾಕೆ ಅಂತ ಕೇಳ್ತಿದಾರೆ. ಬೈಯೋಕಲ್ಲವಂತೆ. ತಿಳ್ಕೊಳ್ಳೋಕಂತೆ."

ಒಲೆಯೊಳಗೆ ಕಟ್ಟಿಗೆ ಚಟಚಟಿಸಿತು. ಸೆವ್‌ಜಿದ್ ದನಿ ತಗ್ಗಿಸಿದಳು. ಉಸಾಮಿಗೆ ಮಂಗೋಲ್ ಭಾಷೆ ಬಾರದೆಂಬುದು ಅವಳಿಗೆ ಮರೆತಂತಿತ್ತು. "ಕಲ್ಲಿದೆ ಅಂತ್ಲೇ ಹೇಳಿಬಿಡ್ತೀನಿ ಭಾವ. ನಾಳೆ ಮಧ್ಯಾಹ್ನಕ್ಕೆ ಜೀಪು ಬರುತ್ತೆ, ಹೋಗ್ತಾರೆ. ಅಕ್ಕನ ದಾರಿ ಇನ್ನು ಎರಡೇ ದಿನ."

ಗೊಂಚಿಗ್ ತನ್ನ ಅಂಗೈಗಳನ್ನು ನೋಡಿಕೊಂಡ. ಹುಟ್ಟು ಹಿಡಿದು ಹಿಡಿದು ಅವು ಮರದಂತಾಗಿದ್ದವು. "ಬೇಡ. ಇರೋದನ್ನ ಹೇಳು."

"ಎಲ್ಲಾನೂ?"

"ಎಲ್ಲಾನೂ. ಆರು ದಿನ ಸುಳ್ಳು ಹೇಳಿದ್ದೂ ಸೇರಿಸಿ."

ಅವಳು ಹೇಳಿದಳು. ಉಸಾಮಿ ಚಹಾದ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ಕೇಳಿಸಿಕೊಂಡರು. ಕುಡಿಯಲಿಲ್ಲ. ಅದರ ಮೇಲೆ ಕೆನೆ ಕಟ್ಟಿತು.

"ಮೊದಲನೇ ದಿನವೇ ಹೇಳಬಹುದಿತ್ತು," ಎಂದು ಸೆವ್‌ಜಿದ್ ಅವರ ಮಾತು ದಾಟಿಸಿದಳು.

"ಹೇಳಿದ್ದಿದ್ರೆ?"

"ಜಗಳ ಆಡ್ತಿದ್ದೆ, ಅಂತಾರೆ. ಚೆನ್ನಾಗೇ ಆಡ್ತಿದ್ರಂತೆ. ಈ ಭುಜದಲ್ಲಿ ಮುಂದಿನ ವರ್ಷ ಕೋಲು ಎತ್ತೋದಕ್ಕೆ ಆಗಲ್ಲವಂತೆ. ಡಾಕ್ಟರು ಈ ವರ್ಷವೇ ಬೇಡ ಅಂದಿದ್ರಂತೆ. ಅಲ್ಲಿ ಎಷ್ಟು ಮೀನಿವೆ ಅಂತ ಕೇಳ್ತಿದಾರೆ."

"ಒಂದು. ವಯಸ್ಸಾದವಳು. ಹನ್ನೊಂದು ವರ್ಷದಿಂದ ಅಲ್ಲೇ ಇದಾಳೆ."

ಅದನ್ನು ಕೇಳಿ ಉಸಾಮಿ ನಕ್ಕರು. ಸಂತೋಷದ ನಗುವಲ್ಲ. ಬಟ್ಟಲು ಕೆಳಗಿಟ್ಟು ಇನ್ನೇನನ್ನೋ ಕೇಳಿದರು. ಸೆವ್‌ಜಿದ್ ದಾಟಿಸಲಿಲ್ಲ, ತಾನೇ ಉತ್ತರ ಕೊಟ್ಟಳು. ಆಮೇಲೆ ಗೊಂಚಿಗನ ಕಡೆ ತಿರುಗಿ, "ಅಕ್ಕನ ಹೆಸರೇನು ಅಂದ್ರು. ಈ ದಿನಗಳಲ್ಲಿ ಹೆಸರು ಹೇಳಲ್ಲ, ಹೇಳಿದ್ರೆ ದಾರೀಲಿರೋಳು ತಿರುಗಿ ನೋಡ್ತಾಳೆ ಅಂದೆ," ಎಂದಳು. ಲಟ್ಟಣಿಗೆ ಎತ್ತಿಕೊಂಡಳು. ಸ್ವಲ್ಪ ಹೊತ್ತು ಅವಳು ಲಟ್ಟಿಸಿದ್ದು ಬರೀ ಹಲಗೆಯನ್ನು.

ಆ ಮಧ್ಯಾಹ್ನ ಉಸಾಮಿ ಹೊಳೆಗೆ ಇಳಿಯಲಿಲ್ಲ. ಗುಡಾರದ ಮುಂದೆ ಕಂಬಳಿ ಹೊದ್ದು ಕುಳಿತು ನೀರು ನೋಡುತ್ತಿದ್ದರು. ಗೊಂಚಿಗ್ ಕಟ್ಟಿಗೆ ಒಡೆದ. ಒಂದು ವಾರಕ್ಕೆ ಸಾಲುವಷ್ಟು ಒಡೆದ.

ಬೆಳಿಗ್ಗೆ ಹೊಳೆಯಂಚಿನಲ್ಲಿ ಗಾಜಿನಷ್ಟು ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಗೊಂಚಿಗ್ ದೋಣಿಯನ್ನು ನೀರಿಗೆ ತಳ್ಳಿ, ಬಂದು, ಉಸಾಮಿಯ ಗುಡಾರದ ಬಾಗಿಲ ಬಳಿ ಕೆಮ್ಮಿದ. ಅವರು ಹೊರಗೆ ಬಂದರು; ಪೆಟ್ಟಿಗೆ ಕಟ್ಟುತ್ತಿದ್ದರೆಂದು ಕಾಣುತ್ತದೆ, ಕೈಯಲ್ಲಿ ಹಗ್ಗವಿತ್ತು. ಗೊಂಚಿಗ್ ಕಪ್ಪುಬಂಡೆಯ ಕಡೆಗೆ ಕೈ ತೋರಿಸಿ, "ಅಲ್ಲಿ," ಎಂದ.

ಸೆವ್‌ಜಿದ್ ಬಕೆಟ್ಟನ್ನು ಅಲ್ಲೇ ಬಿಟ್ಟು ಓಡಿಬಂದಳು. "ಇನ್ನೊಂದು ದಿನ ಭಾವ! ಒಂದೇ ಒಂದು ದಿನ ಕಾಯೋಕಾಗಲ್ವಾ ನಿಮಗೆ? ನಲವತ್ತೇಳು ದಿನ ತಡೆದ ಕೈ!"

"ಅತಿಥಿಗೆ ಮೋಸ ಮಾಡಿ ನಿಮ್ಮಕ್ಕನಿಗೆ ಪುಣ್ಯ ಕೂಡಿಡ್ತೀನಾ? ಅಂಥ ಪುಣ್ಯನ ಅವಳೇ ಎತ್ತಿ ಬಿಸಾಕ್ತಾಳೆ."

"ಹಾಗಾದ್ರೆ ಮೀನಿನ ಬಾಯಿ ಹರಿದ್ರೆ?"

"ಅದೂ ನನ್ನ ಮೇಲೇ ಇರಲಿ. ಅವಳ ಮೇಲೆ ಬೇಡ ಅಂತ ಬೇಡ್ಕೋತೀನಿ. ಇನ್ನೇನು ಮಾಡ್ಲಿ ಹೇಳು? ನನಗೂ ಸಾಕಾಗಿದೆ ಕಣೆ."

ಸೆವ್‌ಜಿದ್ ತನ್ನ ಮೇಲಂಗಿಯ ತೋಳಿನಿಂದಲೇ ಮೂಗು ಒರೆಸಿಕೊಂಡು ಹಿಂದಕ್ಕೆ ಹೋದಳು. ಉಸಾಮಿ ಇಬ್ಬರ ಮುಖವನ್ನೂ ನೋಡಿದರು. ಕೋಲು ತಂದು ದೋಣಿಯಲ್ಲಿ ಕುಳಿತರು.

ಮಡು ತಲುಪುವವರೆಗೆ ಹುಟ್ಟಿನ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಬಂಡೆಯ ನೆರಳಿನಲ್ಲಿ ನೀರು ನಿಂತಂತೆ ಹರಿಯುತ್ತಿತ್ತು, ಕಪ್ಪಗೆ, ಆಳಕ್ಕೆ. ಮಳೆಗಾಲದಲ್ಲಿ ಕೊಚ್ಚಿಬಂದ ಮರಗಳು ಒಂದು ಮೂಲೆಯಲ್ಲಿ ಸಿಕ್ಕಿಕೊಂಡಿದ್ದವು. ಗೊಂಚಿಗ್ ಅವುಗಳಿಂದ ತುಸು ಮೇಲಕ್ಕೆ, ಆ ವಯಸ್ಸಾದ ಮೀನು ಬೆನ್ನು ಹಾಕಿ ಮಲಗುವ ಕಡೆಗೆ, ದೋಣಿಯನ್ನು ಅಲುಗದಂತೆ ನಿಲ್ಲಿಸಿದ. ಅಷ್ಟು ಒಳ್ಳೆಯ ಜಾಗದಲ್ಲಿ ಅವನು ಯಾರನ್ನೂ ನಿಲ್ಲಿಸಿರಲಿಲ್ಲ. ನಿಲ್ಲಿಸಿದ ಮೇಲೆ ಮುಖ ತಿರುಗಿಸಿ ತುಟಿಯಲ್ಲೇ ಮಂತ್ರ ಹೇಳಿಕೊಳ್ಳತೊಡಗಿದ.

ಗಾಳ ಬೀಸಿದ ಸದ್ದು ಬರಲಿಲ್ಲ. ಬದಲಿಗೆ ಚಿಟ್ ಎಂದು ಏನೋ ಕತ್ತರಿಸಿದ ಸದ್ದು.

ತಿರುಗಿ ನೋಡಿದ. ಉಸಾಮಿ ಡಬ್ಬಿಯಿಂದ ಮೀನನ್ನು ಸೆಳೆಯುವ ತುಪ್ಪಳದ ಇಲಿಗೊಂಬೆಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು. ಜಿಂಕೆಯ ಕೂದಲನ್ನು ಕಟ್ಟಿ ಕಟ್ಟಿ ಅವರೇ ಮಾಡಿದ್ದು. ತೊಗಲಿನ ಬಾಲ, ಮಣಿಯ ಕಣ್ಣು. ಅದರ ಹೊಟ್ಟೆಯಲ್ಲಿ ಎರಡು ಗಾಳಗಳು. ಒಂದನ್ನು ಆಗಲೇ ಕತ್ತರಿಸಿ ತೆಗೆದಿದ್ದರು. ಎರಡನೆಯದರ ಬಾಗಿಗೆ ಇಕ್ಕಳ ಕಚ್ಚಿಸಿ, ಬಲಗೈಯಲ್ಲಿ ಶಕ್ತಿ ಸಾಲದೆ, ಎಡಗೈಯನ್ನೂ ಮೇಲೆ ಒತ್ತಿ ಹಿಡಿದಿದ್ದರು.

"ಬೇಡ, ಬೇಡ," ಎಂದ ಗೊಂಚಿಗ್. ಕೈ ಚಾಚಿ ಇಕ್ಕಳ ಕಿತ್ತುಕೊಳ್ಳಲು ಹೋದ. ದೋಣಿ ಅಲುಗಿತು. ಉಸಾಮಿ ಗದರಿಸುವ ದನಿಯಲ್ಲಿ ಜಪಾನಿಯಲ್ಲಿ ಏನೋ ಹೇಳಿದರು. ಅವನಿಗೆ ಅರ್ಥವಾಗಲಿಲ್ಲ, ಆದರೆ ಬಸ್ಸಿನಲ್ಲಿ ಬಾಗಿಲಿಗೆ ನೇತಾಡುವ ಹುಡುಗರಿಗೆ ಅವರು ಹೀಗೆಯೇ ಗದರಿಸುತ್ತಿದ್ದಿರಬೇಕು ಅನ್ನಿಸಿತು. ಅವನು ಕೈ ಹಿಂದೆ ತೆಗೆದುಕೊಂಡ.

ಚಿಟ್.

ಕತ್ತರಿಸಿದ ಗಾಳದ ತುಂಡುಗಳನ್ನು ಉಸಾಮಿ ನೀರಿಗೆ ಎಸೆಯಲಿಲ್ಲ. ಕರವಸ್ತ್ರದಲ್ಲಿ ಗಂಟು ಕಟ್ಟಿ ಜೇಬಿಗೆ ಹಾಕಿಕೊಂಡರು. ಎದ್ದು ನಿಂತು, ನೋವಿಗೆ ಹಲ್ಲು ಕಚ್ಚಿ, ಇಲಿಯನ್ನು ಬಂಡೆಯ ಬುಡಕ್ಕೆ ಬೀಸಿದರು.

ಅದು ನೀರ ಮೇಲೆ ಬಿದ್ದು, ನಿಜವಾದ ಇಲಿ ಹೊಳೆ ದಾಟುವಂತೆ, ಹಿಂದೆ ಸಣ್ಣ ಗೆರೆ ಬಿಡುತ್ತ ಈಜಿಬಂತು. ಏನೂ ಆಗಲಿಲ್ಲ. ಮತ್ತೆ ಬೀಸಿದರು. ಆರನೆಯ ಸಲವೋ ಏಳನೆಯ ಸಲವೋ ಬೀಸುವ ಹೊತ್ತಿಗೆ ಅವರ ಭುಜ ನಡುಗುತ್ತಿತ್ತು; ಇಲಿ ಬಂಡೆಯವರೆಗೂ ಹೋಗದೆ ನಡುವೆಯೇ ಬಿತ್ತು. ಉಸಾಮಿ ಕುಳಿತುಬಿಟ್ಟರು. ಕುಳಿತೇ, ದಾರವನ್ನು ಬೆರಳಿನಿಂದ ನಿಧಾನಕ್ಕೆ ಎಳೆದುಕೊಳ್ಳತೊಡಗಿದರು.

ಮರಗಳ ಕಡೆಯಿಂದ ನೀರು ಉಬ್ಬಿತು. ಉಬ್ಬು ಅವಸರವಿಲ್ಲದೆ ಇಲಿಯ ಹಿಂದೆ ಬಂತು. ಮೊದಲು ಕಂದುಬಣ್ಣದ ಅಗಲವಾದ ತಲೆ, ಆಮೇಲೆ ಬೆನ್ನು, ಮುಗಿಯದ ಬೆನ್ನು, ಕೊನೆಗೆ ಕೆಂಪು ಬಾಲ. ಇಲಿ ಮಾಯವಾಯಿತು. ದಾರ ಬಿಗಿಯಿತು. ಕೋಲು ಬಾಗಿ ತುದಿ ನೀರಿಗೆ ತಾಗಿತು. ಉಸಾಮಿಯ ಬಾಯಿಂದ ಚಿಕ್ಕ ಮಕ್ಕಳು ಬಿದ್ದಾಗ ಬರುವಂಥ ಸದ್ದು ಬಂತು. ದೋಣಿ ಮೂತಿ ತಿರುಗಿಸಿ ಅವಳು ಎಳೆದ ಕಡೆಗೆ ಹೊರಟಿತು. ಗೊಂಚಿಗ್ ಹುಟ್ಟು ಮುಟ್ಟಲಿಲ್ಲ. ಒಂದು ಉಸಿರು, ಎರಡು ಉಸಿರು, ಮೂರು.

ಆಮೇಲೆ ದಾರ ಸಡಿಲಾಯಿತು. ನಜ್ಜುಗುಜ್ಜಾದ ಇಲಿ ಮೇಲೆ ತೇಲಿಬಂತು. ದೊಡ್ಡ ಸುಳಿಯೊಂದು ಎದ್ದು, ಮುಚ್ಚಿ, ಮಡು ಮತ್ತೆ ಕಪ್ಪಗಾಯಿತು.

ಆ ಸುಳಿಯಿಂದ ಹೊರಟ ಅಲೆ ದೋಣಿಯನ್ನು ಒಮ್ಮೆ ಮೇಲೆತ್ತಿ ಇಳಿಸಿತು. ಅವರನ್ನು ದಾಟಿ ದಡದ ಕಡೆಗೆ ಹೋಯಿತು. ಅಲ್ಲಿ ರಾತ್ರಿ ಕಟ್ಟಿದ ತೆಳು ಮಂಜುಗಡ್ಡೆ ಉದ್ದಕ್ಕೂ ಕಿಣಿಕಿಣಿ ಎಂದಿತು.