ಪಾಯಿಖಾನೆಯ ಬೀಗ

"ಥೂ ನಿಮ್ಮ! ಕಕ್ಕಸು ತೊಳೆಯೋಕೆ ಬಂದಿದ್ದೀರೋ, ಅಲ್ಲೇ ಸಂಸಾರ ಹೂಡೋಕೋ? ಬೇಗ ಉಜ್ಜಿ ಸಾಯ್ರೇ!"

ಸ್ಟೇಷನ್ ಮಾಸ್ತರ ಬಾಯಿ ಬೆಳಗ್ಗೆಯಿಂದ ಮುಚ್ಚಿರಲಿಲ್ಲ. ಮುಂದಿನ ಲೋಕಲ್ ರೈಲಿಗೆ ದೊಡ್ಡ ಸಾಹೇಬರು ತಪಾಸಣೆಗೆ ಬರುವವರಿದ್ದರು. ಊರಂಚಿನ ಆ ಪುಟ್ಟ ಸ್ಟೇಷನ್ನಿಗೆ ಅಂಥ ಭಾಗ್ಯ ಅಪರೂಪ. ಹೊರಗೆ ಬಸ್ಸು, ಆಟೋಗಳು ರೈಲಿಳಿಯುವವರಿಗಾಗಿ ಗುರುಗುಟ್ಟುತ್ತ ಕಾದಿದ್ದವು. ಸಾಹೇಬರು ನೋಡುವವರೆಗೆ ಯಾರೂ ಒಳಗೆ ಹೋಗದಂತೆ, ತೊಳೆದಾದ ಕೂಡಲೇ ಜಡಿಯಲು ಮಾಸ್ತರು ಬೀಗ ಹಿಡಿದೇ ನಿಂತಿದ್ದರು.

ಅತ್ತೆ ಆಸಿಡ್ ಸುರಿದು ನೆಲ ಉಜ್ಜುತ್ತಿದ್ದಳು. ತುಂಬು ಬಸುರಿ ಸೊಸೆ ನೀರು ತಂದು ತಂದು ಹೊಯ್ಯುತ್ತಿದ್ದವಳು ಬಕೆಟ್ ಕೆಳಗಿಟ್ಟು ಗೋಡೆ ಹಿಡಿದುಕೊಂಡಳು.

"ಅತ್ತೆ, ಆಗ್ತಿಲ್ಲ. ಒಂದಕ್ಕೆ ಹೋಗ್ಲೇಬೇಕು."

ಎದುರಿಗೇ ಪಾಯಿಖಾನೆ, ತಾವೇ ತೊಳೆದು ಥಳಥಳ ಮಾಡಿದ್ದು. ಆದರೂ ಕೇಳಬೇಕಿತ್ತು. ಅತ್ತೆ ಹೊರಗೆ ಬಂದು ಕೈಮುಗಿದಳು.

"ಬಸುರಿ ಹೆಂಗಸು ಸ್ವಾಮಿ. ಒಂದೇ ಗಳಿಗೆ. ಆಮೇಲೆ ಮತ್ತೆ ತೊಳೆದು ಕೊಡ್ತೀನಿ."

"ತಲೆಗಿಲೆ ಕೆಟ್ಟಿದೆಯೇನೇ? ಇದನ್ನ ಕಟ್ಟಿಸಿರೋದು ಜನಕ್ಕೆ. ನಿಮಗಲ್ಲ. ಹಳಿಯಾಚೆ ಪೊದೆ ಇಲ್ವಾ? ಅಲ್ಲಿಗೆ ಹೋಗಿ ಸಾಯಿ."

ಸಾಯಿ ಅನ್ನುವುದು ಮಾಸ್ತರಿಗೆ ಬಾಯಿಚಟ. ಆ ಪೊದೆಗೆಂದು ಹಳಿ ದಾಟಿದ ಜೊತೆಗಾತಿಯೊಬ್ಬಳು ನಿಜಕ್ಕೂ ಸತ್ತಿದ್ದಳು. ಇಲ್ಲಿ ನಿಲ್ಲದ ರೈಲು, ತಿರುವಿನಲ್ಲಿ ಬಂದದ್ದು ಕಾಣಿಸಿರಲಿಲ್ಲ. ಚಪ್ಪಲಿ ನೋಡಿ ಗುರುತು ಹೇಳಿದವಳು ಅತ್ತೆ. ಹಳಿ ತೊಳೆದವಳೂ ಅವಳೇ. ಅಂದು ಇದೇ ಮಾಸ್ತರು ಪ್ಲಾಟ್‌ಫಾರಂ ಮೇಲೆ ನಿಂತು, "ಬೇಗ ತೊಳಿಯೇ, ಲೋಕಲ್ ಬರೋ ಹೊತ್ತಾಯ್ತು" ಎಂದಿದ್ದರು.

ತಿರುಗಿ ನೋಡಿದರೆ ಸೊಸೆ ಆಗಲೇ ಪ್ಲಾಟ್‌ಫಾರಂ ಅಂಚಿಗೆ ಹೋಗಿ, ಹೊಟ್ಟೆ ಹಿಡಿದುಕೊಂಡು ಒಂದು ಕಾಲು ಕೆಳಗೆ ಇಳಿಬಿಟ್ಟಿದ್ದಳು. ದೂರದಲ್ಲಿ ಹಾರನ್ ಕೇಳಿತು.

"ಬಾರೇ ಇಲ್ಲಿ!" ಅತ್ತೆ ಓಡಿಹೋಗಿ ರಟ್ಟೆ ಹಿಡಿದೆಳೆದಳು. ಮಾಸ್ತರ ಮುಂದಿನಿಂದಲೇ ಕರೆತಂದು ಪಾಯಿಖಾನೆಯೊಳಗೆ ಬಿಟ್ಟಳು. "ಚಿಲಕ ಹಾಕ್ಕೋ. ನಿಧಾನಕ್ಕೆ ಮುಗಿಸ್ಕೊಂಡು ಬಾ. ಯಾರು ಬಡಿದ್ರೂ ತೆಗೀಬೇಡ."

"ಏ ಬಿಕನಾಸಿ! ಸಾಹೇಬ್ರು ಬಂದ್ರು ಕಣೇ! ಇಬ್ಬರನ್ನೂ ಒದ್ದು ಓಡಿಸ್ತೀನಿ!"

ಓಡಿಸುತ್ತಾನೆ, ಅವಳಿಗೆ ಗೊತ್ತು. ನಾಳೆಯಿಂದ ಒಲೆ ಹೊತ್ತುವುದಿಲ್ಲ. ಆದರೂ ಆಸಿಡ್ ತೊಟ್ಟಿಕ್ಕುವ ಪೊರಕೆಯನ್ನು ಬಾಗಿಲಿಗೆ ಅಡ್ಡ ಹಿಡಿದು ನಿಂತಳು. ಮಾಸ್ತರು ಮುಂದೆ ಬಂದರು. ಪೊರಕೆ ಅವರ ಇಸ್ತ್ರಿ ಪ್ಯಾಂಟಿನ ಕಡೆಗೆ ತಿರುಗಿತು. ಮಾಸ್ತರು ಹಿಂದೆ ಸರಿದರು.

ಲೋಕಲ್ ನಿಂತಿತು. ಜನ ದಬದಬ ಇಳಿದು ಬಸ್ಸಿನತ್ತ ನುಗ್ಗಿದರು. ದೊಡ್ಡ ಸಾಹೇಬರು ಯಾರ ಸಲಾಮನ್ನೂ ನೋಡದೆ ನೆಟ್ಟಗೆ ಪಾಯಿಖಾನೆಯ ಕಡೆಗೇ ಬಂದರು. ದಾರಿಯುದ್ದಕ್ಕೂ ತಡೆದುಕೊಂಡು ಬಂದ ಮುಖ. ಅಂಥದೇ ಮುಖವನ್ನು ಅತ್ತೆ ಈಗತಾನೇ ಸೊಸೆಯಲ್ಲಿ ಕಂಡಿದ್ದಳು.

"ಏನಮ್ಮಾ, ಬೀಗ ಹಾಕಿದ್ದಾರಾ?"

ಸಾಹೇಬರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು. ಅತ್ತೆ ಮಾಸ್ತರನ್ನೇ ದಿಟ್ಟಿಸುತ್ತ, ಹೊರಗಿನ ಬಸ್ಸಿನವರೆಗೂ ಕೇಳುವಂತೆ ಹೇಳಿದಳು:

"ಇಲ್ಲ ಸ್ವಾಮಿ. ಒಳಗೆ ಜನ ಇದ್ದಾರೆ. ಕಾಯಬೇಕು."