ಅಣ್ಣನ ತಂತಿ, ತಮ್ಮನ ತಂತಿ

ಕಾದ ಇಸ್ತ್ರಿಪೆಟ್ಟಿಗೆ ತೇವದ ಬಟ್ಟೆಯ ಮೇಲೆ ಕೂತಾಗ ಒಂದು ವಾಸನೆ ಏಳುತ್ತದೆ. ಅದರಲ್ಲಿ ಕೆಂಡವೂ ಗಂಜಿಯೂ ಚೂರು ಸೀದ ಹತ್ತಿಯೂ ಸೇರಿರುತ್ತವೆ. ಅವಳ ಬಾಲ್ಯವೆಲ್ಲ ಆ ವಾಸನೆಯಲ್ಲೇ ಕಳೆದಿತ್ತು. ಅಮ್ಮ ರಸ್ತೆ ಬದಿಯ ತಳ್ಳುಗಾಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದರೆ ಮಗಳು ಗಾಡಿಯ ಕೆಳಗಿನ ನೆರಳಲ್ಲಿ ಕೂತು ಮಗ್ಗಿ ಬಾಯಿಪಾಠ ಮಾಡುತ್ತಿದ್ದಳು. ಮುಂದೆ ಸಮುದಾಯ ಅಭಿವೃದ್ಧಿ ಓದಲು ಸೇರಿದಳು. ಪ್ರಾಯೋಗಿಕ ಕೆಲಸಕ್ಕೆ ವಿದ್ಯಾರ್ಥಿಗಳನ್ನು ಸಮುದ್ರದಾಚೆ ಕಳಿಸುವ ಹೊತ್ತಿಗೆ, ಹೆಂಗಸರು ಸೇರಿ ನಡೆಸುವ ಬಟ್ಟೆ ಒಗೆಯುವ ಸಂಘವೊಂದಿದೆ, ಯಾರು ಹೋಗುತ್ತೀರಿ ಎಂದು ಮೇಷ್ಟ್ರು ಕೇಳಿದ್ದೇ ತಡ, ಕೈ ಎತ್ತಿದಳು. ತವರಿಗೇ ಹೊರಟಷ್ಟು ಸಂಭ್ರಮ. ಅಲ್ಲಿನ ಮಾತನ್ನು ಒಂದು ವರ್ಷ ಕೂತು ಕಲಿತಳು ಕೂಡ.

ಸಮುದ್ರದಾಚೆಯ ಆ ತವರಿನಲ್ಲಿ ಅವಳಿಗೆ ಸಿಕ್ಕ ಸ್ವಾಗತ ಹೀಗಿತ್ತು.

"ಬಂತಪ್ಪ ಇನ್ನೊಂದು."

ಹೀಗೆಂದವಳು ದೊಡ್ಡಕ್ಕ. ಸಂಘಕ್ಕೆ ಅವಳೇ ಹಿರಿಯಳು. ಎತ್ತರದ ಆಳು, ಮೊಣಕೈವರೆಗೆ ಒಗೆಯುವ ಸೋಡಾ ತಿಂದು ಬೆಳ್ಳಗಾದ ಕೈ. ಒಗೆಯುವ ಕಲ್ಲಿನ ಮೇಲಿಂದ ತಲೆ ಎತ್ತಲೂ ಇಲ್ಲ.

"ಹೋದ ಸಲ ಬಂದವಳು ನಮ್ಮದೆಲ್ಲ ಫೋಟೋ ಹೊಡ್ಕೊಂಡ್ಳು. ಸೂರು ಹಾಕಿಸ್ತೀನಿ ಅಂದ್ಳು. ಮೇಲೆ ನೋಡು ತಾಯಿ. ಏನು ಕಾಣ್ಸುತ್ತೆ?"

"ಆಕಾಶ," ಎಂದಳು ಹುಡುಗಿ.

"ಅದೇ ಅವಳು ಹಾಕಿಸಿದ ಸೂರು."

ಸುತ್ತ ಇದ್ದವರೆಲ್ಲ ನಕ್ಕರು. ಕ್ಷೌರದಂಗಡಿಯ ಟವೆಲ್ಲು ಒಗೆಯುವ ಒಬ್ಬ ಪುಟ್ಟ ಹೆಂಗಸು ಎಲ್ಲರಿಗಿಂತ ಜೋರಾಗಿ ನಕ್ಕಳು. ಅವಳಿಗೆ ಗುಬ್ಬಿ ಎಂದೇ ಹೆಸರು. ಹುಡುಗಿ ಮರ್ಯಾದೆಯಿಂದ ಒಬ್ಬೊಬ್ಬರ ಹತ್ತಿರವೂ ಹೋಗಿ ನೀರು ಎಲ್ಲಿಂದ ಬರುತ್ತದೆ, ಸೋಪು ಯಾರು ತರುತ್ತಾರೆ, ಬೆನ್ನು ನೋಯುವುದಿಲ್ಲವೇ ಎಂದು ಕೇಳಿದಳು. ಸಂಜೆಯೊಳಗೆ ಗುಬ್ಬಿ ಅವಳಿಗೂ ಒಂದು ಹೆಸರಿಟ್ಟಾಗಿತ್ತು. ಪ್ರಶ್ನೆಪತ್ರಿಕೆ.

"ಏ ಪ್ರಶ್ನೆಪತ್ರಿಕೆ, ಸರಿ ಸ್ವಲ್ಪ. ಉತ್ತರ ಬರೆಯೋಕೆ ಕೈ ಒದ್ದೆ ಇದೆ."

ಕೆಲಸ ಕೇಳಿದರೆ ಕೊಡುತ್ತಿರಲಿಲ್ಲ. ಬಕೆಟ್ ಹಿಡಿದರೆ ಕಸಿದುಕೊಳ್ಳುತ್ತಿದ್ದರು. ಅವಳು ಗೋಡೆಗೆ ಒರಗಿ ನಿಂತು ನೋಡುತ್ತಿದ್ದಳು. ನೋಡುತ್ತ ನೋಡುತ್ತ ಯಾರೂ ಹೇಳದಿದ್ದ ಒಂದು ಸಂಗತಿ ಅವಳ ಗಮನಕ್ಕೆ ಬಂತು. ಸಾಲಿನ ಕೊನೆಯ ಕಲ್ಲಿಗೆ ಯಾರೂ ಇರಲಿಲ್ಲ. ಬೇರೆಯವರು ಬಂದು ಹಿಡಿಯದಿರಲೆಂದು ಅದರ ಮೇಲೆ ಒಂದು ಬೋರಲು ಬಕೆಟ್ ಇಟ್ಟಿದ್ದರು. ದಿನದ ಕೆಲಸ ಮುಗಿದ ಮೇಲೆ ಸೊಂಟ ಹಿಡಿದುಕೊಂಡು ಏಳುವ ಹೊತ್ತಿನಲ್ಲಿ ಯಾರಾದರೂ ಒಬ್ಬಳು ಆ ಬಕೆಟ್ ತೆಗೆದು ಇನ್ನೊಂದು ಗಂಟು ಬಟ್ಟೆ ಒಗೆಯುತ್ತಿದ್ದಳು. ಇವತ್ತು ಗುಬ್ಬಿ, ನಾಳೆ ಮತ್ತೊಬ್ಬಳು. ಅದು ದೊಡ್ಡಕ್ಕನ ಸೊಸೆಯ ಕಲ್ಲು. ಸೊಸೆ ಹಸಿ ಬಾಣಂತಿ. ಅವಳು ಎದ್ದು ಬರುವತನಕ ಅವಳ ಗಿರಾಕಿ ಕೈಬಿಟ್ಟು ಹೋಗಬಾರದೆಂದು ಎಲ್ಲರೂ ಸೇರಿ ಕಾಯುತ್ತಿದ್ದರು. ಗಂಡ ದೂರದೂರಿಗೆ ಕೆಲಸಕ್ಕೆ ಹೋದವನು ಇನ್ನೂ ಸುದ್ದಿಯೇ ಕಳಿಸಿರಲಿಲ್ಲವಂತೆ. ತಾಯಿ ಮಗುವಿಗೆ ಆ ಗಿರಾಕಿಯೇ ಗತಿ.

ಆ ಗಿರಾಕಿ ಬಸ್‌ ನಿಲ್ದಾಣದ ಎದುರಿನ ಲಾಡ್ಜಿನವನು. ನಿಜ ಹೇಳಬೇಕೆಂದರೆ ಅರ್ಧ ಲಾಡ್ಜಿನವನು. ಅಪ್ಪ ಸತ್ತ ಮೇಲೆ ಅಣ್ಣ ತಮ್ಮ ಜಗಳವಾಡಿ ಒಂದೇ ಲಾಡ್ಜನ್ನು ನಡುವೆ ಗೋಡೆ ಎತ್ತಿ ಎರಡು ಮಾಡಿಕೊಂಡಿದ್ದರು. ಮೆಟ್ಟಿಲು ಅಣ್ಣನ ಪಾಲಿಗೆ ಹೋಯಿತು, ತಮ್ಮ ಹೊರಗಿನಿಂದ ಕಬ್ಬಿಣದ ಏಣಿ ಹಾಕಿಸಿಕೊಂಡ. ಮುಖ ಕೊಟ್ಟು ಮಾತಾಡಿ ಯಾವ ಕಾಲವಾಯಿತೋ. ಆದರೆ ಹಾಸಿಗೆಯ ಮೇಲುಹಾಸು ಮಾತ್ರ ಎರಡೂ ಕಡೆ ಒಂದೇ. ಅಪ್ಪ ಒಂದೇ ಅಂಗಡಿಯಲ್ಲಿ ತಂದ ಬಿಳಿ ಬಟ್ಟೆ ಅದು, ಒಂದೇ ಅಗಲ, ಒಂದೇ ಅಂಚು. ಅಣ್ಣನವು ದೊಡ್ಡಕ್ಕ ಒಗೆಯುತ್ತಿದ್ದಳು, ತಮ್ಮನವು ಸೊಸೆಯ ಪಾಲಿನವು. ಒಣಹಾಕುವ ಬಯಲಿನಲ್ಲೂ ಹಾಗೆಯೇ, ಬೇಲಿ ಕಡೆಯದು ಅಣ್ಣನ ತಂತಿ, ಬಾವಿ ಕಡೆಯದು ತಮ್ಮನ ತಂತಿ.

ಒಂದು ಮಧ್ಯಾಹ್ನ ಎಲ್ಲರೂ ಮಗು ನೋಡಲು ದೊಡ್ಡಕ್ಕನ ಮನೆಗೆ ಹೊರಟರು. ಹುಡುಗಿಯನ್ನು ಯಾರೂ ಕರೆಯಲಿಲ್ಲ.

"ಬಿಸಿನೀರಿನ ಒಲೆ ಆರದ ಹಾಗೆ ನೋಡ್ಕೊ," ಎಂದಳು ದೊಡ್ಡಕ್ಕ. "ಬೇರೆ ಏನೂ ಮುಟ್ಟಬೇಡ."

ಅವರು ತಿರುವು ದಾಟಿದ್ದರೋ ಇಲ್ಲವೋ, ಮೋಡ ಕವಿದು ದಪ್ಪ ದಪ್ಪ ಹನಿ ಬೀಳತೊಡಗಿತು. ಇಸ್ತ್ರಿಯವಳ ಮಗಳಿಗೆ ಮಳೆಯಲ್ಲಿ ಬಟ್ಟೆ ನೆನೆಯುವುದನ್ನು ನೋಡಿಕೊಂಡು ನಿಲ್ಲಲು ಆಗುತ್ತದೆಯೇ? ಓಡಿದಳು. ಎರಡೂ ತಂತಿಯ ಬಟ್ಟೆಯನ್ನು ಬಾಚಿ ತಬ್ಬಿಕೊಂಡು ಸಾಮಾನಿಡುವ ಕೋಣೆಯೊಳಗೆ ತಂದಳು. ಸುಮ್ಮನೆ ರಾಶಿ ಹಾಕಲು ಮನಸ್ಸಾಗದೆ ಒಂದೊಂದನ್ನೂ ಕೊಡವಿ, ಅಂಚಿಗೆ ಅಂಚು ಕೂಡಿಸಿ, ಅಮ್ಮ ಮಡಿಸುವ ಹಾಗೆ ಮಡಿಸಿ ಹಲಗೆಯ ಮೇಲೆ ಜೋಡಿಸಿದಳು. ಇವತ್ತಾದರೂ ಒಂದು ಒಳ್ಳೆಯ ಮಾತು ಬಂದೀತು ಎಂದು ಬಾಗಿಲಲ್ಲೇ ಕಾದಳು.

ತಲೆಯ ಮೇಲೆ ಪ್ಲಾಸ್ಟಿಕ್ ಹೊದ್ದು ದೊಡ್ಡಕ್ಕ ಬಂದಳು. ಖಾಲಿ ತಂತಿ ನೋಡಿದಳು, ಹಲಗೆ ನೋಡಿದಳು.

"ಯಾರು ತೆಗೆದಿದ್ದು?"

"ನಾನೇ ದೊಡ್ಡಕ್ಕ. ನೆನೆಯುತ್ತಲ್ಲಾ ಅಂತ..."

"ನೆಂದ್ರೆ ಏನಾಗ್ತಿತ್ತು? ಉಪ್ಪೋ ಸಕ್ಕರೆಯೋ ಅದು, ಕರಗೋಕೆ? ಇದ್ರಲ್ಲಿ ಅಣ್ಣಂದು ಯಾವುದು, ತಮ್ಮಂದು ಯಾವುದು? ಹೇಳು!"

ಹುಡುಗಿ ಧೈರ್ಯವಾಗಿಯೇ ಮೂಲೆ ಬಿಡಿಸಿದಳು. ಅವಳ ಊರಿನಲ್ಲಿ ಗುರುತಿಲ್ಲದ ಬಟ್ಟೆಯೇ ಇಲ್ಲ. ಯಾವ ಮನೆಯದಾದರೂ ಮೂಲೆಯಲ್ಲಿ ಒಂದು ಚುಕ್ಕಿಯೋ ಗೀಟೋ ಇದ್ದೇ ಇರುತ್ತದೆ. ಒಂದು ಬಿಡಿಸಿದಳು, ಇನ್ನೊಂದು ಬಿಡಿಸಿದಳು. ಏನೂ ಇರಲಿಲ್ಲ. ಗುರುತು ಕಂಡರೆ ಉಳಿದುಕೊಳ್ಳುವವರು ಅಸಹ್ಯಪಡುತ್ತಾರೆಂದು ಅಣ್ಣ ತಮ್ಮ ಇಬ್ಬರೂ ಬೇಡವೆಂದಿದ್ದರು. ಅವರಿಬ್ಬರೂ ಒಪ್ಪಿಕೊಂಡ ಮಾತೆಂದರೆ ಅದೊಂದೇ. ಕಲ್ಲಿನಿಂದ ತಂತಿಗೆ, ತಂತಿಯಿಂದ ಗಂಟಿಗೆ. ಬಟ್ಟೆ ಇದ್ದ ಜಾಗವೇ ಅದರ ಗುರುತು.

"ನನ್ನ ಸೊಸೆ ಅನ್ನಕ್ಕೆ ಮಣ್ಣು ಹಾಕ್ದೆ," ಎಂದಳು ದೊಡ್ಡಕ್ಕ. ಅವಳ ದನಿ ಏರಲಿಲ್ಲ. ಅದು ಹುಡುಗಿಯನ್ನು ಇನ್ನೂ ಹೆದರಿಸಿತು.

ಮುಚ್ಚಿಡುವುದು ದೊಡ್ಡಕ್ಕನ ಜಾಯಮಾನವಲ್ಲ. ಲೆಕ್ಕ ಸರಿ ಮಾಡಿ ಎರಡು ಗಂಟು ಕಟ್ಟಿ ಹುಡುಗಿಯ ತಲೆಯ ಮೇಲೆ ಹೊರಿಸಿ ಲಾಡ್ಜಿಗೆ ಕರೆದುಕೊಂಡು ಹೋದಳು. "ನಿನ್ನ ಬಾಯಿಂದಾನೇ ಹೇಳು," ಎಂದಳು. ಅಣ್ಣ ಆಕಳಿಸುತ್ತ, "ಬಿಳಿ ಇದೆ ತಾನೇ? ಇಟ್ಟು ಹೋಗಿ," ಎಂದ. ತಮ್ಮ ಮಾತ್ರ ಕೂತ ಕುರ್ಚಿಯಿಂದ ಎಗರಿ ಎದ್ದ.

"ಏನಂದೆ? ಆ ಮನೆಹಾಳನ ಬಟ್ಟೆ ನನ್ನ ಮಂಚದ ಮೇಲಾ? ಅವನ ಕಡೆ ಎಂಥೆಂಥವರು ಮಲಗ್ತಾರೆ ಗೊತ್ತೇನಮ್ಮ ನಿನಗೆ?" ಒಂದು ಹಾಸನ್ನು ಎಳೆದು ಮೂಗಿಗೆ ಹಿಡಿದ. "ನಾರ್ತಾ ಇದೆ! ಅವನದೇ ನಾತ!"

ಸೋಡಾ ಮತ್ತು ಬಿಸಿಲಿನ ವಾಸನೆ ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ.

"ಎಲ್ಲಾ ಮತ್ತೆ ಒಗೀಬೇಕು. ಇವರಲ್ಲ, ನೀನು. ಕಲಸಿದವಳು ನೀನು ತಾನೇ? ನನ್ನ ಮೂಗು ಒಪ್ಪಿದ್ರೆ ಸರಿ, ಇಲ್ಲಾಂದ್ರೆ ನಾಳಿದ್ದಿಂದ ನನ್ನ ಬಟ್ಟೆ ಮಿಷಿನ್ ಅಂಗಡಿಗೆ. ನಿಮ್ಮ ಬಾಣಂತಿಗೆ ಹೇಳಿಬಿಡಿ, ಆರಾಮಾಗಿ ಮಲಗಿರಲಿ."



ಆ ಸಂಜೆ ವಿಷಯ ಕೇಳಿ, ಪ್ರಾಯೋಗಿಕ ಕೆಲಸದ ಸಂಯೋಜಕರು ಫೋನು ಮಾಡಿದರು. ಅವಳನ್ನು ಇಲ್ಲಿಗೆ ಹಾಕಿದ್ದು ಅವರೇ. "ಮನಸ್ಸಿಗೆ ಹಚ್ಚಿಕೊಳ್ಳಬೇಡಮ್ಮ. ಇಂಥದ್ದೆಲ್ಲ ಇದ್ದದ್ದೇ. ನಾಳೆ ಇಲ್ಲಿ ಆಫೀಸಿಗೇ ಬಂದುಬಿಡು, ಕೂತು ಮಾಡೋ ಕೆಲಸ ಕೊಡ್ತೀನಿ. ನಿನ್ನ ಅಂಕಕ್ಕೇನೂ ತೊಂದರೆ ಇಲ್ಲ."

ಅವಳು ಬ್ಯಾಗು ತುಂಬಿದಳು. ಸುಳ್ಳೇಕೆ ಹೇಳಬೇಕು, ಸಂತೋಷದಿಂದಲೇ ತುಂಬಿದಳು. ಜಿಪ್ಪು ಎಳೆಯುವಾಗ ಮಾತ್ರ ಸಂಘದವರೆಲ್ಲ ನಾಳೆ ಆಡುವ ಮಾತು ಕಿವಿಯಲ್ಲೇ ಆಡಿದಂತಾಯಿತು. ಹೋದ್ಳಲ್ಲ, ನೋಡ್ದ್ಯಾ, ಇವಳೂ ಹೋದ್ಳು. ಸಿಟ್ಟು ನೆತ್ತಿಗೇರಿತು. ಬಾಣಂತಿಯ ಮೇಲಿನ ಕನಿಕರ ಎಷ್ಟಿತ್ತೋ, ಈ ಹೆಂಗಸರ ಮೇಲಿನ ಕೋಪವೂ ಅಷ್ಟೇ ಇತ್ತು. ಹೋಗುವುದಾದರೆ ಇವರ ಬಾಯಿ ಮುಚ್ಚಿಸಿಯೇ ಹೋಗುತ್ತೇನೆ ಎಂದು ಬ್ಯಾಗನ್ನು ಮಂಚದ ಕೆಳಗೆ ಒದ್ದಳು.

ಬೆಳಗ್ಗೆ ಗಂಟು ಬಿಚ್ಚಿ ಕೊನೆಯ ಕಲ್ಲಿನ ಹತ್ತಿರ ಹೋದಳು.

"ಅದನ್ನ ಮುಟ್ಟಬೇಡ," ಎಂದಳು ದೊಡ್ಡಕ್ಕ. "ಅದು ಅವಳದು."

ನಲ್ಲಿಯ ಪಕ್ಕದ ಒಡಕು ಚಪ್ಪಡಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ಒಗೆದಳು. ಇಸ್ತ್ರಿಯ ಕೆಲಸ ಬೇರೆ, ಒಗೆಯುವ ಕೆಲಸ ಬೇರೆ ಎಂದು ಅವಳ ಬೆನ್ನಿಗೆ ಬೇಗನೆ ಅರ್ಥವಾಯಿತು. ಸೋಡಾ ಬೆರಳ ಸಂದಿಯ ಚರ್ಮ ಸುಲಿಯಿತು. ಹಿಂಡಿದರೆ ಅರ್ಧ ನೀರು ಬಟ್ಟೆಯಲ್ಲೇ ಉಳಿಯುತ್ತಿತ್ತು.

"ಹಿಂಡ್ತಾ ಇದ್ದೀಯೋ, ಮುದ್ದು ಮಾಡ್ತಾ ಇದ್ದೀಯೋ?" ಎಂದು ಗುಬ್ಬಿ ಆಡಿಕೊಂಡಳು. "ಸಾಯಂಕಾಲದೊಳಗೆ ಅಳ್ತಾಳೆ ನೋಡ್ತಿರಿ."

"ಅಳೋದಾದ್ರೆ ಬಕೆಟ್ ಒಳಗೆ ಅಳಲಿ. ನೀರಾದ್ರೂ ಮಿಗುತ್ತೆ," ಎಂದಳು ಮತ್ತೊಬ್ಬಳು.

ಅಷ್ಟು ನಕ್ಕವಳೇ ಗುಬ್ಬಿ, ಎದ್ದು ಹೋಗುವಾಗ ಬಿಸಿನೀರಿನ ಬಕೆಟ್ಟನ್ನು ಕಾಲಿನಲ್ಲೇ ಇವಳ ಕೈಗೆಟಕುವಷ್ಟು ಹತ್ತಿರ ನೂಕಿ, ತನಗೇನೂ ಗೊತ್ತಿಲ್ಲದವಳ ಹಾಗೆ ಮುಂದೆ ನಡೆದಳು.

ಮಾರನೆಯ ದಿನ ಒಣಗಿದ ಹಾಸುಗಳನ್ನು ಒಯ್ದರೆ ತಮ್ಮ ಅವನ್ನು ಮೂಸಿ, ಇನ್ನೂ ಅಣ್ಣನ ವಾಸನೆ ಇದೆ ಎಂದು ನೆಲಕ್ಕೆ ಬಿಸಾಕಿದ. ಬಿದ್ದ ಮೇಲೆ ಕಾಲಲ್ಲಿ ಅತ್ತ ಸರಿಸಿದ. ಅವಳು ತುಟಿ ಕಚ್ಚಿಕೊಂಡು ಆರಿಸಿ ತಂದು ಮತ್ತೆ ಒಗೆದಳು. ಬೆರಳುಗಳಿಗೆ ಹರಿದ ಬಟ್ಟೆ ಸುತ್ತಿಕೊಂಡಿದ್ದಳು. ಈ ಸಲ ಯಾರೂ ನಗಲಿಲ್ಲ.

ಎರಡನೆಯ ಸಲ ಒಗೆದದ್ದನ್ನು ಹೊತ್ತು ಹೊರಟಾಗ ದೊಡ್ಡಕ್ಕನೂ ಹಿಂದೆ ಬಂದಳು. ಒಳಗೆ ಕಾಲಿಡದೆ ಲಾಡ್ಜಿನ ಗೇಟಿನ ಹತ್ತಿರವೇ ನಿಂತಳು. ಅಷ್ಟರಲ್ಲಿ ರಸ್ತೆಯಲ್ಲಿ ಒಂದು ಬಸ್ಸು ಬಂದು ನಿಂತಿತು. ಆಟದ ಪಂದ್ಯಕ್ಕೆ ಬಂದ ತಂಡ. ಹುಡುಗರು ಚೀಲ ಹೊತ್ತು ದಡದಡ ಇಳಿದರು. ಅಣ್ಣನ ಕಡೆ ಆಗಲೇ ಭರ್ತಿ. ತಮ್ಮನ ಕಡೆಯ ಮಂಚಗಳ ಮೇಲೆ ಹಾಸೇ ಇರಲಿಲ್ಲ.

"ತಾ ತಾ, ಬೇಗ ತಾ," ಎಂದು ಅವನು ಎರಡೂ ಕೈ ಚಾಚಿದ.

ಹುಡುಗಿ ಗಂಟನ್ನು ಎದೆಗೆ ಒತ್ತಿಕೊಂಡಳು. "ಮೂಸಲ್ವಾ?"

"ಈಗ ಎಲ್ಲಿ ಮೂಸ್ತಾ ಕೂರಲಿ? ಕೊಡಮ್ಮ ಇಲ್ಲಿ!"

"ಮುಂದಿನ ಬಟ್ಟೆ ಯಾರಿಗೆ?"

"ಏನು?"

"ನಿಮ್ಮ ಬಟ್ಟೆ ಇನ್ನು ಮುಂದೆ ಯಾರು ಒಗೀಬೇಕು? ಹೇಳಿ, ಆಮೇಲೆ ಕೊಡ್ತೀನಿ." ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ಇಲ್ಲಾಂದ್ರೆ ಗೋಡೆ ಆಚೆ ಹೋಗ್ತೀನಿ. ನಿಮ್ಮಣ್ಣ ಮೂಸದೇನೇ ತಗೋತಾರೆ."

ತಂಡದ ಹಿರಿಯ ಕಬ್ಬಿಣದ ಏಣಿಯ ಮೇಲೆ ಒಂದು ಕಾಲಿಟ್ಟು, "ಏನ್ರೀ, ರೂಮು ಇದೆಯೋ ಇಲ್ವೋ?" ಎಂದು ಕೂಗಿದ. ತಮ್ಮ ಅತ್ತ ನೋಡಿದ, ಇತ್ತ ನೋಡಿದ. ಅವನ ಮುಖ ಕೆಂಪೇರಿತು.

"ಅವಳೇ ಒಗೀಲಿ! ಬಾಣಂತಿ! ಬರೋವರೆಗೂ ಯಾರು ಬೇಕಾದ್ರೂ ಒಗೀರಿ! ನೀನು ಮಾತ್ರ ನನ್ನ ಕಣ್ಣಿಗೆ ಬೀಳಬೇಡ!"

"ಇನ್ನೊಂದು ಸಲ ಹೇಳಿ. ಗೇಟಿನ ಹತ್ತಿರ ಇರೋ ದೊಡ್ಡಕ್ಕನಿಗೂ ಕೇಳ್ಲಿ."

ಅವನು ಇನ್ನೊಂದು ಸಲ ಹೇಳಿದ, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದ. ಗೋಡೆಯಾಚೆ ಅಣ್ಣ ಯಾಕೋ ಜೋರಾಗಿ ಕೆಮ್ಮಿದ. ಅವಳು ಗಂಟು ತಮ್ಮನ ಕೈಗಿಟ್ಟು, ಒಗೆಯಬೇಕಾದ ಕೊಳೆ ಬಟ್ಟೆಯ ಗಂಟು ಎತ್ತಿಕೊಂಡು ಹೊರಟಳು.

ಗೇಟಿನಲ್ಲಿ ದೊಡ್ಡಕ್ಕ ಗಂಟನ್ನು ಅವಳ ತಲೆಯಿಂದ ಇಳಿಸಿ ತನ್ನ ತಲೆಗಿಟ್ಟುಕೊಂಡು, ಬಿರಬಿರನೆ ಮುಂದೆ ನಡೆದುಬಿಟ್ಟಳು. ಹುಡುಗಿ ಸಂಘಕ್ಕೆ ಬಂದು ಮುಟ್ಟುವಷ್ಟರಲ್ಲಿ ಸುದ್ದಿ ಅವಳಿಗಿಂತ ಮೊದಲೇ ಬಂದಾಗಿತ್ತು. ಯಾರೂ ಹೊಗಳಲಿಲ್ಲ. "ಪ್ರಶ್ನೆಪತ್ರಿಕೆ ಇವತ್ತು ಸರಿಯಾದ ಕಡೆ ಪ್ರಶ್ನೆ ಕೇಳ್ತಂತೆ," ಎಂದಳು ಗುಬ್ಬಿ, ಟವೆಲ್ಲು ಹಿಂಡುತ್ತ. ಬೇರೆಯವರು ತಲೆ ಎತ್ತದೆ ಒಗೆಯುತ್ತಲೇ ಇದ್ದರು. ಅವಳು ಒಡಕು ಚಪ್ಪಡಿಯ ಮೇಲೆ ಕೂತು ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚತೊಡಗಿದಳು. ಗಾಯಕ್ಕೆ ಅಂಟಿಕೊಂಡಿತ್ತು, ಬರಲಿಲ್ಲ.

ದೊಡ್ಡಕ್ಕ ಪಕ್ಕದಲ್ಲಿ ಬಂದು ನಿಂತಳು. ಮನೆಯಿಂದ ತಂದಿದ್ದ ಬುತ್ತಿಯನ್ನು ತಟ್ಟೆಗೆ ಹಾಕಿ ಕಲಸಿ, ತುತ್ತು ತುತ್ತಾಗಿ ಉಂಡೆ ಕಟ್ಟಿದ್ದಳು. ಗಾಯದ ಕೈಗೆ ಖಾರ ತಾಗಬಾರದೆಂದು ಒಂದು ಚಮಚವನ್ನೂ ಇಟ್ಟಿದ್ದಳು. ತಟ್ಟೆಯನ್ನು ಹುಡುಗಿಯ ತೊಡೆಯ ಮೇಲಿಟ್ಟು, ಅದು ಅಲುಗದೆ ನಿಂತಿತೆಂದು ನೋಡಿಕೊಂಡು, ತನ್ನ ಕಲ್ಲಿನ ಕಡೆ ಹೋದಳು.