ಉಪವಾಸದ ತಿಂಗಳ ಕೆಂಪು ನೂಲು

ನಮ್ಮ ಸಂಘದ ಕುರಿಮರಿ ಗೊಂಬೆಗಳಿಗೆ ಗುಂಡಿಯ ಕಣ್ಣಿಲ್ಲ, ಪ್ಲಾಸ್ಟಿಕ್ಕಿನ ಮೂಗಿಲ್ಲ. ತೊಳೆದ ಉಣ್ಣೆಯನ್ನು ಹತ್ತಿಬಟ್ಟೆಯೊಳಗೆ ತುಂಬಿ ಹೊಲಿಯುತ್ತೇವೆ. ಕಿವಿ, ಬಾಯಿ ಮಾತ್ರ ಕೆಂಪು ನೂಲಿನವು. ಕೂಸು ಮೊದಲು ಚೀಪುವುದು ಆ ಕಿವಿಯನ್ನೇ. ಅದಕ್ಕೇ ನಮ್ಮೂರು ತಿಮಹ್ದಿತ್‌ನ ಹೆಂಗಸರು ಬಣ್ಣ ಹಾಕಿದ ಪ್ರತಿ ಲಡಿಯಿಂದಲೂ ಒಂದೆಳೆ ತೆಗೆದು ತಾವೇ ಬಾಯಲ್ಲಿಟ್ಟು ಚೀಪಿ ನೋಡುತ್ತಾರೆ. ತಣ್ಣೀರಿಗೆ ಬಿಡದ ಬಣ್ಣ ಬಾಯಿಯ ಬಿಸಿಗೆ ಬಿಡುತ್ತದೆ. ನಾಲಿಗೆ ಕೆಂಪಾದರೆ ಇಡೀ ಲಡಿ ಒಲೆಗೆ. ಫೆಸ್ ನಗರದಲ್ಲಿ ಪದವಿ ಮುಗಿಸಿ ಬಂದ ನಾನು ಇದನ್ನೇ ಚೀಟಿಯಲ್ಲಿ ಬರೆದೆ: ‘ತಾಯಂದಿರು ಬಾಯಲ್ಲಿಟ್ಟು ನೋಡಿದ್ದು.’ ಪ್ರತಿ ಮರಿಯ ಕಾಲಿಗೂ ಅದನ್ನು ಕಟ್ಟುತ್ತೇವೆ.

ರಂಜಾನ್ ಬಂತು. ಉಪವಾಸದ ಬಾಯಿಗೆ ನೂಲು ಇಡುವವರು ಯಾರು? ಸಂಜೆ ಮನೆಯಲ್ಲಿ ನೋಡೋಣ ಎಂದುಕೊಂಡೆವು. ಸಂಜೆಯಾದರೆ ಸೂಪು, ರೊಟ್ಟಿ, ನೆಂಟರು. ನೂಲು ಯಾರಿಗೂ ನೆನಪಾಗಲಿಲ್ಲ. ಆ ನಡುವೆ ಸಂಘದ ಮುಖ್ಯಸ್ಥೆ ಲಲ್ಲಾ ರಕಿಯಾ ಮಂಜಿಷ್ಠದ ಬೇರು ಕುದಿಸಲು ಪುರುಸೊತ್ತಿಲ್ಲವೆಂದು ಖೆನಿಫ್ರಾ ಸಂತೆಯಿಂದ ಕೆಂಪು ನೂಲನ್ನೇ ಕೊಂಡು ತಂದಿದ್ದಳು. ಬೇರಿನ ಬಣ್ಣವೇ ಎಂದು ಅಂಗಡಿಯವನು ಆಣೆಯಿಟ್ಟನಂತೆ.

ಹದಿನಾಲ್ಕು ಹೆಂಗಸರಲ್ಲಿ ದಿನವೂ ಒಬ್ಬಿಬ್ಬರಿಗೆ ಉಪವಾಸವಿರುವುದಿಲ್ಲ. ಮುಟ್ಟಿನ ದಿನಗಳಲ್ಲಿ ಧರ್ಮವೇ ಬೇಡವೆನ್ನುತ್ತದೆ. ಆದರೆ ಯಾರೂ ಹೇಳಿಕೊಳ್ಳುವುದಿಲ್ಲ. ಉಗ್ರಾಣದ ಬಾಗಿಲ ಹಿಂದೆ ಒಂದು ಖರ್ಜೂರ ನುಂಗಿ, ತುಟಿ ಒರೆಸಿ, ಬಾಯಾರಿದವರ ಮುಖ ಮಾಡಿಕೊಂಡು ಬಂದು ಕೂರುತ್ತೇವೆ. ಆ ದಿನ ನಾನೂ ಹಾಗೆ ಕೂತಿದ್ದೆ.

ಅರವತ್ತು ಮರಿಗಳ ಪೆಟ್ಟಿಗೆ ಬಾಗಿಲಲ್ಲಿತ್ತು. ಅದನ್ನು ಒಯ್ಯಲು ಬಂದಿದ್ದ ರಕಿಯಾಳ ಮೈದುನ ಬಾಸ್ಸು, ತನ್ನ ಎರಡು ವರ್ಷದ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದ. ಆಗ ನಮ್ಮಲ್ಲೆಲ್ಲ ಹಿರಿಯಳಾದ ಇತ್ತೊ ಅಜ್ಜಿ ಕತ್ತರಿ ಕೆಳಗಿಟ್ಟಳು.

“ಈ ನೂಲನ್ನ ಯಾರು ಬಾಯಿಗಿಟ್ರು?”

ಉಳಿದವರ ತಲೆಗಳೆಲ್ಲ ಹೊಲಿಗೆಯ ಮೇಲೆ ಬಾಗಿದವು. ಹಬ್ಬ ಕಳೆದ ಮೇಲೆ ಕಳಿಸೋಣ ಎಂದಳು ಅಜ್ಜಿ. ಕೊಳ್ಳುವವರು ಹಬ್ಬಕ್ಕೇ ಬೇಕೆಂದು ಕೇಳಿದ್ದಾರೆ ಎಂದಳು ರಕಿಯಾ. ಹಾಗಾದರೆ ಕಾಲಿನ ಚೀಟಿ ಕಿತ್ತು ಕಳಿಸು ಎಂದಳು ಅಜ್ಜಿ. ರಕಿಯಾ ನಕ್ಕು, ಲಡಿಯಿಂದ ಒಂದೆಳೆ ಎಳೆದಳು.

“ಅಷ್ಟೇ ತಾನೆ ಅಜ್ಜಿ? ಬಾಸ್ಸು, ಮಗೂನ ಇಳಿಸು. ಅದಕ್ಕೇನು ಉಪವಾಸವೇ? ಒಂದೆಳೆ ಚೀಪಲಿ.”

ಅವನು ಇಳಿಸಿಯೇ ಬಿಟ್ಟ. ಮಗು ಬಾಯಿ ತೆರೆದು ನಿಂತಿತು. ನಾನೆದ್ದು ರಕಿಯಾಳ ಬೆರಳಿನಿಂದ ನೂಲು ಕಿತ್ತುಕೊಂಡು ನನ್ನ ಬಾಯಿಗೆ ಹಾಕಿಕೊಂಡೆ.

ಬಾಸ್ಸು ಗೋಡೆಯ ಕಡೆ ತಿರುಗಿದ. ನಾನು ಅವನ ಬೆನ್ನನ್ನೇ ನೋಡುತ್ತ ಚೀಪಿದೆ. ಸೀಮೆಎಣ್ಣೆಯಂಥ ಕಹಿ.

“ತೂದಾ, ಗಂಡಸಿದ್ದಾನೆ ಇಲ್ಲಿ. ಫೆಸ್‌ನಲ್ಲಿ ನಾಚಿಕೆ ಮಾರಿಕೊಂಡು ಬಂದ್ಯೇನು?” ಎಂದಳು ರಕಿಯಾ, ತಗ್ಗಿದ ದನಿಯಲ್ಲಿ.

ನಾನು ಅಂಗೈಗೆ ಉಗಿದು ಅವಳ ಮುಂದೆ ಹಿಡಿದೆ. ಅಂಗೈ ಕೆಂಪಾಗಿತ್ತು.

“ನಾಚಿಕೆ ಇದು. ಇದನ್ನ ಮಗೂಗೆ ಕೊಡೋಕೆ ಹೊರಟಿದ್ರಿ.”

ಅವಳು ಅಂಗೈ ನೋಡಲಿಲ್ಲ. ಅಂಗಡಿಯವನು ಆಣೆಯಿಟ್ಟಿದ್ದನೆಂದು ಮತ್ತೊಮ್ಮೆ ಹೇಳಿದಳು. ನಾನು ಅಜ್ಜಿಯ ಕತ್ತರಿ ತೆಗೆದುಕೊಂಡು ಪೆಟ್ಟಿಗೆಯ ಹಗ್ಗ ಕತ್ತರಿಸಿದೆ.

ಪಕ್ಕದಲ್ಲಿ ಕೂರುವ ಯಮ್ನಾ ಬಂದು ಒಂದು ಮರಿಯನ್ನೆತ್ತಿ ಕಿವಿಯ ಹೊಲಿಗೆ ಬಿಚ್ಚತೊಡಗಿದಳು.

“ನಂಗೂ ನಾಲ್ಕು ದಿನದಿಂದ ಉಪವಾಸ ಇಲ್ಲ ಕಣೇ,” ಎಂದಳು ಮೆಲ್ಲಗೆ.

ಇಳಿಯುತ್ತಿದ್ದ ಸಿಟ್ಟು ಮತ್ತೆ ನೆತ್ತಿಗೇರಿತು. “ನಾಲ್ಕು ದಿನ ಬಾಯಿ ಮುಚ್ಕೊಂಡು ಏನು ಮಾಡ್ತಿದ್ದೆ?”

ಅವಳು ತಲೆಯೆತ್ತಲಿಲ್ಲ.

“ನೀನು ಬೆಳಿಗ್ಗೆಯಿಂದ ಮಾಡ್ತಿದ್ದದ್ದನ್ನೇ.”

ನಾನು ಇನ್ನೊಂದು ಮರಿಯನ್ನೆತ್ತಿಕೊಂಡು, ಕಾಲಿನ ಚೀಟಿ ಹರಿದು, ಬಿಚ್ಚಲು ಕೂತೆ.